ನಮ್ಮ ಮನೆಯ ಮೊದಲ ನರೆ

ನಮ್ಮ ಅತ್ತೆಯ ಎಡ ಎದೆ ರಾಗಿಯದು. ತಮಾಷೆಗೆ ಹೇಳುತ್ತಿಲ್ಲ. ಕ್ಯಾನ್ಸರ್ ಬಂದು ಆಪರೇಷನ್‌ನಲ್ಲಿ ಒಂದು ಎದೆ ತೆಗೆದ ಮೇಲೆ ರವಿಕೆ ಒಂದು ಕಡೆ ಜೋಲುತ್ತದೆ ಎಂದು ಅವಳಿಗೆ ಭಾರಿ ಸಿಟ್ಟು ಬಂತು. ಊರಿಗೆಲ್ಲ ರವಿಕೆ ಹೊಲಿದುಕೊಡುವವಳ ರವಿಕೆಯೇ ಮೈಗೆ ಕೂರದಿದ್ದರೆ ಜನ ಏನನ್ನಬೇಡ? ಮೆತ್ತನೆಯ ಬಟ್ಟೆಯಲ್ಲಿ ದುಂಡಗೆ ಒಂದು ಚೀಲ ಹೊಲಿದಳು, ಬಲಗಡೆಯ ತೂಕ ನೋಡಿಕೊಂಡು ಅದಕ್ಕೆ ರಾಗಿ ತುಂಬಿದಳು, ಬಾಯಿ ಹೊಲಿದು ರವಿಕೆಯೊಳಗೆ ಕೂರಿಸಿಕೊಂಡಳು. ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿ ನೋಡಿ, "ಕಂಪ್ನಿ ಮಾಲ್ ಇದ್ದಂಗೈತೆ" ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಆ ವರ್ಷದ ಬೇಸಿಗೆಯಲ್ಲಿ ಬೆವರಿಗೆ ನೆನೆದೂ ನೆನೆದೂ ರಾಗಿ ಮೊಳಕೆ ಒಡೆಯಿತು. ನಾನಾಗಿದ್ದರೆ ಅತ್ತುಬಿಡುತ್ತಿದ್ದೆ. ಅವಳು ಬೀದಿಗೆ ಕೇಳುವ ಹಾಗೆ ಕೂಗಿದಳು, "ಅಮ್ಮೀ, ಬಾರೇ ಇಲ್ಲಿ, ಎದೆ ಮ್ಯಾಲೆ ಪೈರು ಬಂದೈತೆ, ಕಳೆ ಕೀಳೋಕೆ ಆಳು ಕರಿ!" ಅಂದಿನಿಂದ ರಾಗಿಯನ್ನು ಹುರಿದು ತುಂಬುತ್ತಿದ್ದಳು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಹೊಳೆನರಸೀಪುರದ ಪೇಟೆಯ ಒಳಬೀದಿಯಲ್ಲಿ ಅವಳ ಮನೆ. ಜಗಲಿಯ ಮೇಲೆ ಕಾಲಿನಲ್ಲಿ ತುಳಿಯುವ ಹೊಲಿಗೆ ಮಿಷನ್, ಗೋಡೆಗೆ ಒರಗಿಸಿದ ಕನ್ನಡಿ, ಅಳತೆ ತೆಗೆಯಲು ಒಂದು ಪರದೆ. ಮಾವನದು ಬಾಡಿಗೆ ವ್ಯಾನು. ಮದುವೆ, ತಿಥಿ, ನಾಮಕರಣ ಎಂದು ವ್ಯಾನು ಊರೂರು ಸುತ್ತುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ. ನಾನು ಹೈಸ್ಕೂಲು ಓದಿದ್ದು ಅಲ್ಲಿಯೇ, ಹಾಗಾಗಿ ಅವಳ ಬೈಗುಳ ತಿಂದಷ್ಟು ನಾನು ನಮ್ಮಮ್ಮನ ಮುದ್ದೆ ತಿಂದಿಲ್ಲ.

ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು. ಸೂಜಿ ಬೀಳುತ್ತಿರಲಿಲ್ಲ, ಮಾತೂ ನಿಲ್ಲುತ್ತಿರಲಿಲ್ಲ. ಅಳತೆ ಕೊಡಲು ಬಂದು ಮುದುಡಿಕೊಂಡು ನಿಲ್ಲುವ ಹೊಸ ಮದುವಣಗಿತ್ತಿಯರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ನೆಟ್ಟಗೆ ನಿಂತ್ಕೋ. ಅಳ್ತೆ ಕೊಡೋಕೆ ನಾಚ್ಕೊಂಡೋಳು ಆಮ್ಯಾಕೆ ರವಿಕೆ ಬಿಗಿ ಅಂತ ಅಳಬಾರ್ದು" ಎನ್ನುವುದು ಅವಳ ಖಾಯಂ ಮಾತು. ದೊಡ್ಡ ಮನೆಯವರು, ಚಿಕ್ಕ ಮನೆಯವರು ಎಂದು ನೋಡುತ್ತಿರಲಿಲ್ಲ, ಎಲ್ಲರಿಗೂ ಒಂದೇ ಗದರಿಕೆ. ಹಾಗಿದ್ದೂ ಅವಳ ಜಗಲಿಯಲ್ಲಿ ಹೆಂಗಸರು ಯಾವಾಗಲೂ ತುಂಬಿಕೊಂಡಿರುತ್ತಿದ್ದರು.

ಇನ್ನು ನಮ್ಮ ತವರಿನ ವಿಷಯ. ಅರಕಲಗೂಡು ಕಡೆಯ ಹಳ್ಳಿ ನಮ್ಮದು. ಹೊಗೆಸೊಪ್ಪು, ಆಲೂಗಡ್ಡೆ, ಶುಂಠಿ ಬೆಳೆಯುವ ಮನೆ, ಒಂದೇ ಅಂಗಳದ ಸುತ್ತ ದಾಯಾದಿಗಳ ಒಲೆಗಳು. ನಮ್ಮ ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಮೊಣಕಾಲು ಮುಟ್ಟುವಷ್ಟು ಕಪ್ಪು ಕೂದಲಿತ್ತಂತೆ. ಅವಳ ಮೂವರು ಹೆಣ್ಣುಮಕ್ಕಳಿಗೂ ಅದೇ ಕೂದಲು ಬಂತು. ನಮ್ಮತ್ತೆ ನಡುವಿನವಳು. "ನಮ್ಮವ್ವನ ಸಂತಾನದ ಹೆಣ್ಮಕ್ಕಳ ತಲೆ ನರೆಯಾಕಿಲ್ಲ" ಎಂದು ಅಪ್ಪ ಮೀಸೆ ತಿರುವಿಕೊಂಡು ಹೇಳುತ್ತಿದ್ದ. ಹೆಣ್ಣು ನೋಡಲು ಬಂದವರ ಮುಂದೆ ಹೊಲ ಎಷ್ಟು, ಹಸು ಎಷ್ಟು ಎನ್ನುವುದಕ್ಕಿಂತ ಮೊದಲು ನಮ್ಮವರು ಇದನ್ನು ಹೇಳುತ್ತಿದ್ದರು. ಮನೆಯಲ್ಲೇ ತೆಗೆಸಿದ ಹರಳೆಣ್ಣೆಯ ಗುಣ ಎಂದು ಕೆಲವರು, ಮನೆದೇವರ ವರ ಎಂದು ಕೆಲವರು. ಅಜ್ಜಿ ಎದೆಯ ಗಂಟಿನಿಂದ ತೀರಿಕೊಂಡಳು. ದೊಡ್ಡತ್ತೆಗೂ ಅದೇ ಆಯಿತು. ಚಿಕ್ಕತ್ತೆಗೆ ಹೊಟ್ಟೆಯಲ್ಲಿ ಗಡ್ಡೆ. ಚಿಕ್ಕತ್ತೆಯನ್ನು ಅಂಗಳದಲ್ಲಿ ಮಲಗಿಸಿದ್ದಾಗಲೂ ಬಂದವರೆಲ್ಲ, "ಎಂಥಾ ಕೂದ್ಲು ನೋಡಿ, ಒಂದು ಬಿಳಿ ಎಳೆ ಇಲ್ಲ" ಎಂದುಕೊಂಡೇ ಕಣ್ಣೊರೆಸಿಕೊಂಡರು.

ದೊಡ್ಡತ್ತೆ, ಚಿಕ್ಕತ್ತೆ ಇಬ್ಬರೂ ಗಂಟನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ವರ್ಷಗಟ್ಟಲೆ ತಿರುಗಿದವರು. ನಮ್ಮತ್ತೆ ಹಾಗಲ್ಲ. ಐವತ್ತು ದಾಟಿದ ಹೊಸದರಲ್ಲಿ ಒಂದು ದಿನ ತನ್ನದೇ ರವಿಕೆಗೆ ಪಿನ್ ಹಾಕಿ ನೋಡುವಾಗ ಕೈಗೆ ಏನೋ ಗಟ್ಟಿಯಾಗಿ ತಗುಲಿತು. ಮಾರನೆಯ ಬೆಳಿಗ್ಗೆಯೇ ಮಾವನ ವ್ಯಾನು ಹತ್ತಿ ಹಾಸನದ ದೊಡ್ಡಾಸ್ಪತ್ರೆಗೆ ಹೋದಳು. ಆಪರೇಷನ್ ಆಯಿತು, ಕೀಮೋ ಆಯಿತು. ಉದುರಿದ ಕೂದಲು ಮತ್ತೆ ಬಂದಾಗ ಹತ್ತಿಯ ಹಾಗೆ ಬೆಳ್ಳಗೆ ಬಂತು. ಅಪ್ಪ ಕಪ್ಪು ಬಣ್ಣದ ಪೊಟ್ಟಣ ತಂದು ಮುಂದಿಟ್ಟ. "ಅಕ್ಕಯ್ಯ, ಹಚ್ಕೊಂಬುಡು, ಮನೆ ಹೆಸರು ಕೆಡ್ತದೆ" ಎಂದ. ಅತ್ತೆ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿ, "ನಿನ್ನ ಮೀಸೆಗೆ ಹಚ್ಕೋ ಓಗ್ಲಾ" ಎಂದು ಅವನ ಜೇಬಿಗೇ ತುರುಕಿದಳು.

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಅಜ್ಜಿ ಮತ್ತು ಇಬ್ಬರು ಅತ್ತೆಯಂದಿರ ಕಥೆ ಕೇಳಿ, ಇದು ಕುಟುಂಬದಲ್ಲಿ ಹರಿದುಬರುತ್ತಿರಬಹುದು ಎಂದು ಅತ್ತೆಯ ರಕ್ತ ತೆಗೆದು ಜೀನ್ ಪರೀಕ್ಷೆಗೆ ಕಳಿಸಿದರು. ಇತ್ತು. ತಾಯಿಯಿಂದಲೋ ತಂದೆಯಿಂದಲೋ ಮಕ್ಕಳಿಗೆ ಬರುವ ಒಂದು ದೋಷ. ಇದ್ದವರಿಗೆಲ್ಲ ಕಾಯಿಲೆ ಬಂದೇ ತೀರುತ್ತದೆ ಎಂದಲ್ಲ, ಬರುವ ಸಂಭವ ಬೇರೆಯವರಿಗಿಂತ ಬಹಳ ಹೆಚ್ಚು. ಮೊದಲೇ ಗೊತ್ತಾದರೆ ಕಾವಲು ಕಾಯಬಹುದು. "ನಿಮ್ಮ ಮನೆಯ ಹೆಂಗಸರನ್ನೆಲ್ಲ ಕರೆದುಕೊಂಡು ಬನ್ನಿ" ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು. ಅತ್ತೆ ಅಪ್ಪನಿಗೆ ಫೋನು ಮಾಡಿದಳು.

ಅಪ್ಪ ಕರೆತಂದ. ಸುಮ್ಮನೆ ಅಲ್ಲ, ವ್ಯಾನಿನ ತುಂಬ ಕರೆತಂದ. ನಮ್ಮಮ್ಮ, ದಾಯಾದಿ ಮನೆಗಳ ದೊಡ್ಡಮ್ಮ, ಚಿಕ್ಕಮ್ಮಂದಿರು, ಒಬ್ಬ ಹೊಸ ಸೊಸೆ, ಎಲ್ಲರೂ ರೇಷ್ಮೆ ಸೀರೆ ಉಟ್ಟು ಬುತ್ತಿ ಕಟ್ಟಿಕೊಂಡು ಬಂದಿದ್ದರು. ನಾನು ಆಗ ಹಾಸನದಲ್ಲೇ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ, ಇವರಿಗೆ ದಾರಿ ತೋರಿಸಲೆಂದು ಜೊತೆಗಿದ್ದೆ. ಡಾಕ್ಟರಮ್ಮ ಒಂದು ಹಾಳೆ ಎಳೆದುಕೊಂಡು ವಂಶವೃಕ್ಷ ಬರೆಯಲು ಶುರುಮಾಡಿದರು.

"ನೀವು ಈ ಅಜ್ಜಿಗೆ ಏನಾಗಬೇಕು?"

"ಸೊಸೆ ಮೇಡಂ," ಎಂದಳು ಅಮ್ಮ.

"ನೀವು?"

"ಅಜ್ಜಿ ಮೈದುನನ ಸೊಸೆ."

"ನೀವಮ್ಮಾ?"

"ನಾನು ಓದ್ ತಿಂಗ್ಳು ಬಂದ ಸೊಸೆ" ಎಂದಿತು ಆ ಹೊಸ ಹುಡುಗಿ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕರು. "ಎಲ್ಲರೂ ಸೊಸೆಯಂದಿರೇ! ಈ ಅಜ್ಜಿಯ ಹೊಟ್ಟೆಯಲ್ಲಿ ಹುಟ್ಟಿದವರು, ಅವರ ಹೆಣ್ಣುಮಕ್ಕಳು ಎಲ್ಲಿ?"

ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅವ್ರು ಈಗ ನಮ್ಮನೆಯೋರಲ್ವಲ್ಲ ಮೇಡಂ. ಧಾರೆ ಎರೆದು ಕೊಟ್ಟಾಯ್ತು. ನಮ್ಮನೇಲಿ ಇರೋ ಹೆಂಗಸ್ರು ಇವ್ರೇಯ."

ಅಪ್ಪ ಸುಳ್ಳು ಹೇಳಲಿಲ್ಲ, ಮೋಸವನ್ನೂ ಮಾಡಲಿಲ್ಲ. ನಮ್ಮ ಕಡೆ ಮನೆಯ ಹೆಂಗಸರು ಎಂದರೆ ಆ ಮನೆಯ ಒಲೆ ಊದುವವರು ಎಂದೇ ಲೆಕ್ಕ. ರೋಗ ಮನೆಗೆ ಅಂಟಿದ್ದಾದರೆ ಮನೆಯಲ್ಲಿ ಇರುವವರಿಗೆ ತಾನೆ ಬರಬೇಕು? ಒಡಹುಟ್ಟಿದವರು ಇಲ್ಲಿ ಬೆಳೆದು ಅಂಟಿಸಿಕೊಂಡರು, ಬೇರೆ ಮನೆಯಲ್ಲಿ ಹುಟ್ಟಿದ ಅವರ ಹೆಣ್ಣುಮಕ್ಕಳು ಅದನ್ನು ದಾಟಿ ಗೆದ್ದರು ಎಂದೇ ಅವನು ನೆಮ್ಮದಿಯಾಗಿದ್ದ. ಅತ್ತೆ ಮಾತ್ರ ಕೂತಲ್ಲಿಂದ ಎದ್ದುಬಿಟ್ಟಳು. "ಧಾರೆ ನೀರು ಕೈ ಮ್ಯಾಲೆ ಬಿದ್ದಿದ್ದು ಕಣ್ಲಾ, ರಕ್ತಕ್ಕೆ ಇಳೀನಿಲ್ಲ!" ಎಂದಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ಆ ನೋಟ ನನಗೆ ಅರ್ಥವಾಯಿತು. ಇಷ್ಟು ಜನರಲ್ಲಿ ಅಜ್ಜಿಯ ರಕ್ತ ಹೊತ್ತು ನಿಂತಿದ್ದವಳು, ಅತ್ತೆಯನ್ನು ಬಿಟ್ಟರೆ, ನಾನೊಬ್ಬಳೇ ಹೆಣ್ಣು.

ಸೊಸೆಯಂದಿರು ಹೊರಗೆ ಮರದ ಕೆಳಗೆ ಕೂತು ಸಂತೋಷವಾಗಿ ಬುತ್ತಿ ಬಿಚ್ಚಿದರು. ಡಾಕ್ಟರಮ್ಮ ಅಪ್ಪನ ಕಡೆ ಬೆರಳು ತೋರಿಸಿ, "ಮೊದಲು ನೀವು ರಕ್ತ ಕೊಡಿ" ಎಂದರು. "ನಾನು ಗಂಡಸು ಮೇಡಂ!" ಎಂದು ಅಪ್ಪ ಗಾಬರಿಯಾದ. ಗಂಡಸರಿಗೂ ಇದು ಬರಬಹುದು, ಅವರ ಮೂಲಕ ಹೆಣ್ಣುಮಕ್ಕಳಿಗೂ ಹೋಗಬಹುದು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಸೂಜಿ ಕಂಡರೆ ಮುಖ ತಿರುಗಿಸುವ ಮನುಷ್ಯ, ಅಕ್ಕನ ಕಣ್ಣಿಗೆ ಹೆದರಿ ತೋಳು ಚಾಚಿದ.

ಅಪ್ಪನಲ್ಲೂ ಇತ್ತು. ಫಲಿತಾಂಶ ಕೇಳಿದ ದಿನ ಅವನು ಅತ್ತೆಯ ಜಗಲಿಯ ಮೇಲೆ ಕುಸಿದು ಕೂತ. "ಅಕ್ಕಯ್ಯ, ನಾನು ನನ್ನ ಮಗೀಗೆ ಇಂಥದ್ದು ಕೊಟ್ಬುಟ್ನಾ?" ಎಂದು ಚಿಕ್ಕ ಹುಡುಗನ ಹಾಗೆ ಅತ್ತ. ನನಗೂ ಅಳು ತಡೆಯಲಾಗಲಿಲ್ಲ. ಅತ್ತೆ ತುಟಿಯ ಸೂಜಿಗಳನ್ನು ಒಂದೊಂದೇ ತೆಗೆದು ಡಬ್ಬಿಗೆ ಹಾಕಿದಳು, ಅವನ ಬೆನ್ನು ಸವರಿದಳು. "ನೀನೇನು ಬೇಕಂತ ಕೊಟ್ಯಾ? ಅವ್ವ ನಿಂಗೆ ಕೊಟ್ಲು, ನಂಗೂ ಕೊಟ್ಲು. ಆಸ್ತಿ ಪಾಲು ಮಾಡ್ವಾಗ ಹೆಣ್ಮಕ್ಕಳ ಹೆಸರು ನೆಪ್ಪಾಗ್ನಿಲ್ಲ ನಿಮ್ಗೆ. ಇದ್ರಲ್ಲಿ ನೋಡ್ಲಾ, ಅವ್ವ ಗಂಡು ಹೆಣ್ಣು ಅಂತ ಭೇದಾನೇ ಮಾಡ್ನಿಲ್ಲ." ಅಳುತ್ತಿದ್ದ ಅಪ್ಪನಿಗೆ ನಗು ಬಂದುಬಿಟ್ಟಿತು. ಹಾಗೆ ನಗಿಸಿಯೇ ಅವಳು ಕೆಲಸ ಸಾಧಿಸುತ್ತಿದ್ದದ್ದು.

ಆದರೆ ನನ್ನ ಪರೀಕ್ಷೆಗೆ ಅಪ್ಪ ಒಪ್ಪಲಿಲ್ಲ. ಚನ್ನರಾಯಪಟ್ಟಣದ ಕಡೆಯಿಂದ ನನಗೊಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಹೈಸ್ಕೂಲು ಮೇಷ್ಟ್ರು, ತೆಂಗಿನ ತೋಟವಿರುವ ಮನೆ. "ಈಗ ರಕ್ತ ಗಿಕ್ತ ಅಂತ ಓದ್ರೆ ಸುದ್ದಿ ಆಯ್ತದೆ, ಸಂಬಂಧ ಮುರೀತದೆ. ಮೊದ್ಲು ತಾಳಿ ಬೀಳ್ಲಿ, ಆಮ್ಯಾಕೆ ನೋಡುವಾ" ಎಂದು ಪಟ್ಟು ಹಿಡಿದ. ನನಗೂ ಒಳಗೊಳಗೇ ಅದೇ ಬೇಕಾಗಿತ್ತು. ತಿಳಿಯದೇ ಇದ್ದರೆ ಇಲ್ಲವೇ ಇಲ್ಲ ಎಂದುಕೊಂಡು ಬದುಕಬಹುದಲ್ಲ.

"ತಾಳಿ ಬಿದ್ಮ್ಯಾಕೆ ಅವ್ಳು ನಿಮ್ಮನೆಯೋಳಲ್ಲ ಅಂತೀಯ. ಗಂಡನ ಮನೆಯೋರು ಇದು ತವರಿನ ಕಾಯ್ಲೆ ಅಂತಾರೆ. ನಡುವೆ ಹುಡ್ಗಿ ಸಾಯ್ಬೇಕಾ?" ಎಂದಳು ಅತ್ತೆ. ಆಮೇಲೆ ನನ್ನ ಕಡೆಗೆ ತಿರುಗಿ, ಮದುವಣಗಿತ್ತಿಯರಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ, "ನೆಟ್ಟಗೆ ನಿಂತ್ಕೋ. ಅಳ್ತೆ ಕೊಡು" ಎಂದಳು. ನಾನು ರಕ್ತ ಕೊಟ್ಟೆ. ನನ್ನಲ್ಲೂ ಇತ್ತು.

ಹೆಣ್ಣು ನೋಡುವ ಶಾಸ್ತ್ರ ನಮ್ಮ ಹಳ್ಳಿಯ ಮನೆಯಲ್ಲಿ ನಡೆಯಿತು. ಹುಡುಗ, ಅವನ ತಾಯಿ, ದೊಡ್ಡಪ್ಪ ಬಂದಿದ್ದರು. ಏನೂ ಹೇಳಕೂಡದು ಎಂದು ಅಪ್ಪ ಅತ್ತೆಯಿಂದ ಮಾತು ತೆಗೆದುಕೊಳ್ಳಲು ನೋಡಿದ್ದ, ಅವಳು ಕೊಟ್ಟಿರಲಿಲ್ಲ. ಥಂಡಿ ಎಂದು ತಲೆಯ ಮೇಲೆ ಸೆರಗು ಹೊದ್ದು ಮೂಲೆಯಲ್ಲಿ ಸುಮ್ಮನೆ ಕೂತಿದ್ದಳು. ನಾನು ಉಪ್ಪಿಟ್ಟು, ಕಾಫಿ ತಂದಿಟ್ಟೆ. ಹುಡುಗನ ದೊಡ್ಡಪ್ಪ ನನ್ನ ಜಡೆ ನೋಡಿ, "ಪರವಾಗಿಲ್ಲ, ಕೂದ್ಲು ಚೆನ್ನಾಗೈತೆ" ಎಂದರು. ಅಷ್ಟೇ ಸಾಕಾಯಿತು, ಅಪ್ಪನ ನಾಲಿಗೆ ಹಳೆಯ ಅಭ್ಯಾಸಕ್ಕೆ ಜಾರಿತು. "ನಮ್ಮವ್ವನ ಕೂದ್ಲು ಸ್ವಾಮಿ ಅದು. ನಮ್ಮವ್ವನ ಸಂತಾನದ ಹೆಣ್ಮಕ್ಕಳ ತಲೆ ನರೆಯಾಕಿಲ್ಲ!"

ಅತ್ತೆ ಎದ್ದು ನಡುಮನೆಯ ಮಧ್ಯಕ್ಕೆ ಬಂದು ಸೆರಗನ್ನು ತಲೆಯಿಂದ ಎಳೆದು ಹೆಗಲಿಗೆ ಹಾಕಿದಳು. ಅಷ್ಟು ಬೆಳ್ಳನೆಯ ತಲೆ.

"ನರೀತದೆ ಕಣ್ಲಾ," ಎಂದಳು. "ಬದುಕಿದ್ರೆ ನರೀತದೆ. ಅವ್ವ ನಲವತ್ತಕ್ಕೇ ತೀರ್ಕೊಂಡ್ಲು, ಅಕ್ಕಂಗೂ ತಂಗೀಗೂ ಅಷ್ಟೂ ಸಿಗ್ನಿಲ್ಲ. ನರೆಯೋಕೆ ಟೇಮೆಲ್ಲಿತ್ತು ಅವ್ರಿಗೆ?"

ಇಷ್ಟು ವರ್ಷ ಹೆಮ್ಮೆಯಿಂದ ಹೇಳಿಕೊಂಡು ಬಂದ ಮಾತು ಏನೆಂದು ಅಪ್ಪನಿಗೆ ಆ ಕ್ಷಣದಲ್ಲಿ ತಿಳಿಯಿತು, ನನಗೂ ತಿಳಿಯಿತು.

ಅತ್ತೆ ನಿಲ್ಲಿಸಲಿಲ್ಲ. ಬೀಗರಾಗುವವರ ಮುಖ ನೋಡಿಯೇ ಎಲ್ಲವನ್ನೂ ಹೇಳಿದಳು. "ಈ ಹುಡ್ಗಿ ರಕ್ತದಲ್ಲೂ ಆ ದೋಷ ಐತೆ. ಕಾಯ್ಲೆ ಇಲ್ಲ. ಬರ್ಬೋದು, ಬರ್ದೇನೂ ಇರ್ಬೋದು. ವರ್ಸಾ ವರ್ಸಾ ಪರೀಕ್ಷೆ ಮಾಡುಸ್ಕೊಂಡು ಇರ್ತಾಳೆ, ಬಂದ್ರೆ ಬೇಗ ಸಿಕ್ತದೆ, ವಾಸಿ ಮಾಡ್ಕೋತಾಳೆ. ಮುಚ್ಚಿಟ್ಟು ಹೆಣ್ಣು ಕೊಡಾಕಿಲ್ಲ ನಾವು. ಇಷ್ಟ ಆದ್ರೆ ಮಾತು ಮುಂದುವರ್ಸಿ. ಇಲ್ದಿದ್ರೆ ಉಪ್ಪಿಟ್ಟು ತಿಂದು ಸಂತೋಷವಾಗಿ ಓಗ್ಬನ್ನಿ."

ಹುಡುಗನ ದೊಡ್ಡಪ್ಪ ತಟ್ಟೆ ಪಕ್ಕಕ್ಕೆ ಸರಿಸಿದರು. "ಇಷ್ಟೆಲ್ಲ ಗೊತ್ತಿದ್ದು ಯಾರಮ್ಮ ತಂದ್ಕೋತಾರೆ?" ಎಂದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ನಾನು ಅಡಿಗೆಮನೆಗೆ ಓಡಿದೆ. ಮುಗಿಯಿತು ಕಥೆ ಎಂದುಕೊಂಡು ಒಲೆಯ ಮುಂದೆ ನಿಂತು ಅಳುತ್ತಿದ್ದೆ. ಹಿಂದಿನಿಂದ ಅತ್ತೆ ಬಂದಳು, ಅವಳ ಹಿಂದೆಯೇ ಹುಡುಗನ ತಾಯಿ ಬಂದರು. ಆಕೆ ಬಾಗಿಲು ಓರೆ ಮಾಡಿ ಅತ್ತೆಯ ಎರಡೂ ಕೈ ಹಿಡಿದುಕೊಂಡರು.

"ನಮ್ಮವ್ವನೂ ಇಂಗೇ ಓದ್ಲು ಕಣಕ್ಕ. ನಮ್ಮಕ್ಕನೂ ಇಂಗೇ. ಗಂಡನ ಮನೇಲಿ ಇವತ್ತಿಗೂ ನಾನು ಬಾಯಿ ಬಿಟ್ಟಿಲ್ಲ. ದಿನಾ ನೀರು ಉಯ್ಕೋವಾಗ ಎದೆ ಮುಟ್ಟಿ ನೋಡ್ಕೊಂಡು ಸಾಯ್ತೀನಿ. ನಂದೂ ನೋಡ್ತಾರಾ?"

"ನೋಡ್ತಾರೆ ಕಣವ್ವ. ನಮ್ಮ ವ್ಯಾನೈತೆ, ನಾನೇ ಕರ್ಕೊಂಡೋಯ್ತೀನಿ" ಎಂದಳು ಅತ್ತೆ.

ಆಕೆ ಕಣ್ಣೊರೆಸಿಕೊಂಡು ನಡುಮನೆಗೆ ಹೋಗಿ, ಎದ್ದು ನಿಂತಿದ್ದ ದೊಡ್ಡಪ್ಪನಿಗೆ ಹೇಳಿದರು, "ಭಾವ, ಕೂತ್ಕೊಂಡು ಉಪ್ಪಿಟ್ಟು ತಿನ್ನಿ. ಹುಡ್ಗಿ ನಮ್ಮೋಳು." ಜೀವಮಾನದಲ್ಲಿ ತಮ್ಮನ ಹೆಂಡತಿಯ ದನಿ ಏರಿದ್ದು ಕೇಳದ ಆ ಹಿರಿಯರು ಹಾಗೇ ಕೂತುಬಿಟ್ಟರು. ಅಷ್ಟು ಹೊತ್ತೂ ಬಾಯಿ ಬಿಡದೆ ಇದ್ದ ಹುಡುಗ ನಮ್ಮಮ್ಮನ ಕಡೆ ನೋಡಿ, ಇನ್ನೊಂದು ಲೋಟ ಕಾಫಿ ಸಿಗುತ್ತದೆಯೇ ಎಂದು ಕೇಳಿದ. ಅವನನ್ನು ನಾನು ಮದುವೆಯಾದದ್ದು ಆ ಕಾಫಿಗಾಗಿಯೇ ಎಂದು ಈಗಲೂ ಹೇಳುತ್ತೇನೆ.

ನನ್ನ ಗಂಡನ ತಾಯಿಯ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಅವರೂ ಅತ್ತೆಯೂ ತಬ್ಬಿಕೊಂಡು ಅತ್ತದ್ದು ನೋಡಿದವರು ಯಾರೋ ತೀರಿಕೊಂಡರೆಂದು ಸಮಾಧಾನ ಹೇಳಿದರಂತೆ. ಆಮೇಲೆ ಅತ್ತೆ ನಿಂತಲ್ಲಿ ನಿಲ್ಲಲಿಲ್ಲ. ತೀರಿಹೋದ ಅಕ್ಕತಂಗಿಯರ ಹೆಣ್ಣುಮಕ್ಕಳನ್ನು ಅವರವರ ಗಂಡನ ಮನೆಗೇ ಹೋಗಿ, ಬಾಗಿಲಲ್ಲೇ ಜಗಳವಾಡಿ, ವ್ಯಾನು ಹತ್ತಿಸಿದಳು. ಒಬ್ಬಳಿಗೆ ಇತ್ತು, ಉಳಿದವರಿಗೆ ಇರಲಿಲ್ಲ. ಎಲ್ಲರೂ ಚೆನ್ನಾಗಿದ್ದಾರೆ. ಜಗಲಿಗೆ ರವಿಕೆ ಅಳತೆ ಕೊಡಲು ಬಂದವರನ್ನೂ ಬಿಡುತ್ತಿರಲಿಲ್ಲ. ಟೇಪು ಎಳೆಯುತ್ತಲೇ, "ನಿಮ್ಮವ್ವ ಎಂಗೆ ತೀರ್ಕೊಂಡ್ರು? ನಿಮ್ಮ ಅತ್ತೆ, ಅಪ್ಪನ ಕಡೆ ಅತ್ತೆ, ಅವ್ರು ಎಂಗೆ ಓದ್ರು?" ಎಂದು ಕೇಳುತ್ತಿದ್ದಳು. ಕೆಲವರು ಸಿಡುಕಿಕೊಂಡು ಬೇರೆ ಟೈಲರ್ ನೋಡಿಕೊಂಡರು. ಕೆಲವರು ಪರದೆಯ ಹಿಂದೆಯೇ ಅತ್ತು, ಆಮೇಲೆ ಮಾವನ ವ್ಯಾನಿನಲ್ಲಿ ಹಾಸನಕ್ಕೆ ಹೋದರು. ಎಲ್ಲರಿಗೂ ಪರೀಕ್ಷೆ ಬೇಕಾಗುವುದಿಲ್ಲ, ಯಾರಿಗೆ ಬೇಕು ಎಂದು ಡಾಕ್ಟರು ನೋಡುತ್ತಾರೆ ಎಂಬುದನ್ನೂ ಅವಳೇ ಹೇಳಿ ಕಳಿಸುತ್ತಿದ್ದಳು.

ನನ್ನ ಮಗಳು ಶಾಲೆಗೆ ಸೇರಿದ ವರ್ಷ, ವರ್ಷದ ಪರೀಕ್ಷೆಯಲ್ಲಿ ನನಗೂ ಸಿಕ್ಕಿತು. ಕೈಗೆ ತಗುಲದಷ್ಟು ಚಿಕ್ಕದು. ಸ್ಕ್ಯಾನ್ ಮಾಡಿಸದೆ ಇದ್ದಿದ್ದರೆ ಗೊತ್ತಾಗುತ್ತಲೇ ಇರಲಿಲ್ಲ ಎಂದರು ಡಾಕ್ಟರಮ್ಮ. ಆಪರೇಷನ್ ಆಯಿತು. ಎಚ್ಚರವಾದಾಗ ಅತ್ತೆ ಮಂಚದ ಪಕ್ಕದಲ್ಲಿ ಕೂತಿದ್ದಳು. ನಾನು ಏನೂ ಕೇಳುವ ಮುಂಚೆಯೇ ಬಗ್ಗಿ ನನ್ನ ಹಣೆ ಸವರಿದಳು. ಆ ಕಣ್ಣಿನ ಹೊಳಪು ನಾನು ಮರೆಯುವ ಹಾಗಿಲ್ಲ. "ಅವ್ವ ಲೇಟು, ಅಕ್ಕ ಲೇಟು, ತಂಗಿ ಲೇಟು. ನಾನು ಅರ್ಧ ಲೇಟು. ನೀನೊಬ್ಳು ಟೇಮಿಗೆ ಸರಿಯಾಗಿ ಬಂದೆ ಕಣಮ್ಮಿ. ಗೆದ್ಬುಟ್ವಿ!" ಎಂದಳು. ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗೆದ್ದೆವು ಎನ್ನುವುದು ನಿಜ. ನಾನು ಈಗ ಆರಾಮಾಗಿದ್ದೇನೆ, ಪಾಠ ಮಾಡುತ್ತಿದ್ದೇನೆ, ಮಗಳ ಜಡೆ ಹೆಣೆಯುತ್ತಿದ್ದೇನೆ.

ಹೋದ ವರ್ಷ ಒಂದು ಮಧ್ಯಾಹ್ನ, ಊಟ ಮುಗಿಸಿ ಮಿಷನ್ ಮುಂದೆ ಕೂತ ಅತ್ತೆ ಹಾಗೇ ಗೋಡೆಗೆ ಒರಗಿದಳು. ಹೃದಯ ನಿಂತಿತ್ತು. ಕ್ಯಾನ್ಸರ್ ಅವಳ ಹತ್ತಿರ ಮತ್ತೆ ಸುಳಿದೇ ಇರಲಿಲ್ಲ. ಅರವತ್ತು ದಾಟಿದ ಮೇಲೂ ನಗುನಗುತ್ತ ಬದುಕಿದವಳು, ಯಾರಿಂದಲೂ ಒಂದು ಲೋಟ ನೀರು ಕೊಡಿಸಿಕೊಳ್ಳದೆ ಹೋದಳು.

ನಮ್ಮ ಕಡೆ ಹೆಣ್ಣುಮಗಳು ತೀರಿಕೊಂಡರೆ ಎತ್ತುವ ಮುಂಚೆ ತವರಿನ ಸೀರೆ ಬರಬೇಕು. ಅಪ್ಪ ಹೋಗಿ ಆಗಲೇ ಕೆಲವು ವರ್ಷವಾಗಿತ್ತು, ನನಗೆ ಅಣ್ಣತಮ್ಮಂದಿರಿಲ್ಲ. ನಾನು ಹಸಿರು ಸೀರೆ ತೆಗೆದುಕೊಂಡು ಹೊಳೆನರಸೀಪುರಕ್ಕೆ ಹೋದೆ. ಜಗಲಿಯ ಮೇಲೆ ನಮ್ಮ ದಾಯಾದಿ ದೊಡ್ಡಪ್ಪ ಕೈ ಅಡ್ಡ ಹಿಡಿದರು.

"ನೀನು ಕೊಟ್ಟ ಹೆಣ್ಣು ಕಣವ್ವ, ಚನ್ನರಾಯಪಟ್ಣದೋಳು. ತವರಿನ ಸೀರೆ ನಿನ್ನ ಕೈಯಿಂದ ಆಗಾಕಿಲ್ಲ. ನಮ್ಮ ಹುಡುಗನ ಕೈಗೆ ಕೊಡು, ಅವ್ನು ಮುಟ್ಟಿಸ್ತಾನೆ."

ಅಲ್ಲಿಯವರೆಗೆ ಅಳುತ್ತಿದ್ದವಳಿಗೆ ಎಲ್ಲಿಂದ ಬಂತೋ ಸಿಟ್ಟು. "ದೊಡ್ಡಪ್ಪ, ಅತ್ತೆ ರಕ್ತ ನನ್ನ ಮೈಲೈತೆ ಅಂತ ಹಾಸನದ ಡಾಕ್ಟ್ರು ಪರೀಕ್ಷೆ ಮಾಡಿ ಯೇಳವ್ರೆ. ನಿಮ್ಮ ಹುಡುಗನ ಮೈಲಿ ಐತಾ? ಇದ್ರೆ ಅವ್ನೇ ಮುಟ್ಟಿಸ್ಲಿ."

ಹಿಂದೆ ನಿಂತಿದ್ದ ನನ್ನ ಗಂಡನ ತಾಯಿ, "ದಾರಿ ಬಿಡಿ, ತವರಿನೋರು ಬಂದವ್ರೆ" ಎಂದರು. ದೊಡ್ಡಪ್ಪ ಕೈ ಇಳಿಸಿ ಪಕ್ಕಕ್ಕೆ ಸರಿದರು. ನಾನು ಹೋಗಿ ಸೀರೆಯ ಮಡಿಕೆ ಬಿಚ್ಚಿ, ಅತ್ತೆಗೆ ಕತ್ತಿನಿಂದ ಪಾದದ ತನಕ ಹೊದಿಸಿ, ಅಂಚು ನೇರ ಮಾಡಿದೆ. ಹೆಣ್ಣುಮಕ್ಕಳಿಗೆ ಈ ಸೀರೆ ಹೊದಿಸಿಯೇ ಅಭ್ಯಾಸವಾಗಿದ್ದ ನಮ್ಮ ಮನೆಯಲ್ಲಿ, ಅದನ್ನು ಹೊದಿಸಲು ಒಬ್ಬಳು ಹೆಣ್ಣುಮಗಳು ಬದುಕಿ ಉಳಿದಿದ್ದಳು.